ಬಾಂದಾರದ ತಳದಲ್ಲಿ ಕೂತ ಕಪ್ಪು ನೀರು

ಏಪ್ರಿಲ್ ಕೊನೆಯ ವಾರ. ಮುಧೋಳ ತಾಲೂಕಿನ ಒಂದು ಹಳೇ ಬಾಂದಾರದ (ಹೊಳೆಗೆ ಅಡ್ಡ ಕಟ್ಟಿದ, ಗೇಟು ಹಾಕುವ ಸಣ್ಣ ಒಡ್ಡು) ಮೇಲೆ ನಿಂತು ಘಟಪ್ರಭೆಯ ನೀರಿನ ಮಾದರಿ ತೆಗೆಯುತ್ತಿದ್ದೆ. ಎರಡು ಗಾಜಿನ ಬಾಟಲಿ ತುಂಬಿದೆ. ಒಂದಕ್ಕೆ ಮೇಲಿನ ನೀರು, ಇನ್ನೊಂದಕ್ಕೆ ಹಗ್ಗ ಬಿಟ್ಟು ತಳದಿಂದ ಎತ್ತಿದ ನೀರು. ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಆಮೇಲೆ ಎರಡಕ್ಕೂ ಮ್ಯಾಂಗನೀಸ್ ದ್ರಾವಣ, ಅದರ ಹಿಂದೆಯೇ ಕ್ಷಾರದ ದ್ರಾವಣ ಹಾಕಿ, ಬಿರಡೆ ಮುಚ್ಚಿ ತಿರುವಿ ತಿರುವಿ ಅಲುಗಾಡಿಸಿದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೂರುತ್ತದೆ. ಮೇಲಿನ ನೀರಿನ ಬಾಟಲಿ ಕಂದಾಯಿತು. ತಳದ ನೀರಿನದು ಮಜ್ಜಿಗೆಯ ಹಾಗೆ ಬಿಳಿ.

ಬಿಳಿ ಅಂದರೆ ಆ ನೀರಿನಲ್ಲಿ ಮೀನಿಗೆ ಉಸಿರಾಡಲು ಏನೂ ಉಳಿದಿಲ್ಲ ಅಂತ.

ಪಕ್ಕದಲ್ಲಿ ಬಲೆ ಹರವಿಕೊಂಡು ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ನಮಗ ಬಾಟ್ಲಿ ಬ್ಯಾಡ್ರಿ ಸರ, ಮೂಗೊಂದ ಸಾಕು. ತಳದ ನೀರು ಕೊಳತ ತತ್ತಿ ನಾತ ಹೊಡಿತೈತಿ" ಅಂದರು. ಅವರ ಮಾತು ಪೂರ್ತಿ ಸರಿ. ಆಮ್ಲಜನಕ ಮುಗಿದ ಮೇಲೆ ಕೆಸರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲದ ವಾಸನೆಯೇ ಅದು.

ಹರಿಯುವ ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಗೋಕಾಕದಲ್ಲಿ ಐವತ್ತು ಮೀಟರಿಗೂ ಮೇಲಿಂದ ಧುಮುಕುವಾಗ ಇದೇ ಘಟಪ್ರಭೆ ಎಷ್ಟು ಗಾಳಿ ಕುಡಿಯುತ್ತದೆ, ಅಲ್ವಾ? ಮಳೆಗಾಲ ಮುಗಿದು ಬಾಂದಾರಕ್ಕೆ ಗೇಟು ಹಾಕಿದ ಮೇಲೆ ಅದೇ ಹೊಳೆ ಕೆರೆಯಾಗುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ಕಾದು ಹಗುರಾಗುತ್ತದೆ, ತಣ್ಣಗಿನ ನೀರು ಕೆಳಗೇ ಉಳಿಯುತ್ತದೆ. ಎರಡೂ ಬೆರೆಯುವುದಿಲ್ಲ. ಮೇಲಿನ ಗಾಳಿ ತಳ ಮುಟ್ಟುವುದಿಲ್ಲ.

ಇನ್ನು ಬಂದು ಸೇರುವ ಕೊಳೆ. ಬೆಳಗಾವಿಯ ಬಳ್ಳಾರಿ ನಾಲಾ ಮಾರ್ಕಂಡೇಯಕ್ಕೆ ಸೇರುತ್ತದೆ, ಮಾರ್ಕಂಡೇಯ ಗೋಕಾಕದ ಹತ್ತಿರ ಘಟಪ್ರಭೆಗೆ. ದಾರಿಯುದ್ದಕ್ಕೂ ಊರೂರಿನ ಗಟಾರ ಇಳಿಯುತ್ತವೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 30 ಡಿಗ್ರಿ ಬಿಸಿ ಇರುವಾಗ ಒಂದು ಲೀಟರ್ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ, ಅಷ್ಟೇ. ಮನೆಗಳ ಕೊಳಚೆ ಒಂದು ಲೀಟರ್ ಕೊಳೆಯಲು ಸಾಧಾರಣ 200 ಮಿಲಿಗ್ರಾಂ ಬೇಡುತ್ತದೆ. ಅಂದರೆ ಒಂದು ಲೀಟರ್ ಕೊಳಚೆ ಇಪ್ಪತ್ತಾರಕ್ಕೂ ಹೆಚ್ಚು ಲೀಟರ್ ಒಳ್ಳೆ ನೀರಿನ ಉಸಿರು ನುಂಗುತ್ತದೆ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಬೇಡುವುದು ಲೀಟರಿಗೆ 40 ಸಾವಿರ ಮಿಲಿಗ್ರಾಂಗೂ ಜಾಸ್ತಿ. ಅದು ಒಂದೇ ಒಂದು ಟ್ಯಾಂಕರ್ ಹಳ್ಳಕ್ಕೆ ಇಳಿದರೂ ಬಾಂದಾರದ ಹಿಂದಿನ ನಿಂತ ನೀರು ತಡೆಯಲಾರದು.

ಕಟ್ಟೆ ಹಳತಾದಷ್ಟೂ ಇದು ಹದಗೆಡುತ್ತದೆ. ಧೂಪದಾಳದ ಒಡ್ಡು 1897ರದ್ದು. ಹಿಡಕಲ್ ಅಣೆಕಟ್ಟೆ 1977ರಲ್ಲಿ ಮುಗಿದಿದ್ದು. ಇವುಗಳ ಕೆಳಗೆ ಹೊಳೆಯುದ್ದಕ್ಕೂ ಕೊಲ್ಹಾಪುರ ಮಾದರಿಯ, ಅಂದರೆ ಕಂಬಗಳ ನಡುವೆ ಒಂದರ ಮೇಲೊಂದು ಗೇಟು ಇಳಿಸುವ ಬಾಂದಾರಗಳಿವೆ. ವರ್ಷವರ್ಷ ಹೂಳು ತುಂಬಿದಷ್ಟೂ ನೀರು ಕಡಿಮೆ, ಬರುವ ಕೊಳಚೆ ಮಾತ್ರ ಅಷ್ಟೇ. ತುಕ್ಕು ಹಿಡಿದ ಕೆಳಗಿನ ಗೇಟುಗಳು ಜಗ್ಗುವುದಿಲ್ಲ ಅಂತ ಮೇಲಿನವನ್ನಷ್ಟೇ ತೆಗೆದು ಬಿಟ್ಟರೆ ತಳದ ಕೆಸರು ಅಲ್ಲೇ ಕೂರುತ್ತದೆ. ಆ ಕೆಸರು ಸುಮ್ನೆ ಮಣ್ಣಲ್ಲ. ಗೊಬ್ಬರದ ರಂಜಕ, ಕಬ್ಬಿಣ, ಮ್ಯಾಂಗನೀಸ್ ಎಲ್ಲ ಅದರಲ್ಲಿ ಅಂಟಿಕೊಂಡಿರುತ್ತವೆ. ಆಮ್ಲಜನಕ ಹೋದ ಕೂಡಲೇ ಬಿಟ್ಟುಕೊಂಡು ನೀರಿಗೆ ಬರುತ್ತವೆ. ಜಾಕ್‌ವೆಲ್‌ನಿಂದ (ಹೊಳೆಯಿಂದ ಊರಿಗೆ ನೀರೆತ್ತುವ ಪಂಪಿನ ಬಾವಿ) ಬಂದ ನೀರು ಕೊಡದಲ್ಲಿ ಕೆಂಪು ಕಲೆ ಬಿಡುವುದಕ್ಕೆ ಒಂದು ಕಾರಣ ಇದು. ತಳದಲ್ಲಿ ಅಮೋನಿಯಾ ಕೂಡ ಹುಟ್ಟುತ್ತದೆ. ಅದು ನಾವು ಹಾಕುವ ಕ್ಲೋರಿನ್ ಅನ್ನು ತಿಂದುಬಿಡುತ್ತದೆ. ದಿನಾ ಹಾಕುವ ಅಳತೆಯಲ್ಲೇ ಕ್ಲೋರಿನ್ ಹಾಕಿದರೆ ನಳದ ತುದಿಗೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಮಕ್ಕಳಿಗೆ ವಾಂತಿ ಭೇದಿ ಶುರುವಾಗಲು ಇಷ್ಟು ಸಾಕು.

ನನಗೆ ಹೆಚ್ಚು ಹೆದರಿಕೆ ಜೂನ್ ತಿಂಗಳದ್ದು. ಘಟ್ಟದಲ್ಲಿ ಮಳೆ ಬಿತ್ತು ಅಂತ ಅವಸರದಲ್ಲಿ ಎಲ್ಲ ಗೇಟು ಒಟ್ಟಿಗೇ ಎತ್ತುತ್ತಾರೆ. ಏಳೆಂಟು ತಿಂಗಳ ಕಪ್ಪು ನೀರು ಒಂದೇ ಸಲ ಕೆಳಗಿನ ಬಾಂದಾರಕ್ಕೆ ನುಗ್ಗುತ್ತದೆ. ಮರುದಿನ ದಂಡೆಯಲ್ಲಿ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಮತ್ತು ಆಮೇಲೆ ತಪಾಸಣೆ ಆಗಲೇಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಅದರ ಗಮನ ಇರುವುದು ಕಟ್ಟೆ ಒಡೆಯಬಾರದು ಅನ್ನುವುದರ ಮೇಲೆ. ಹತ್ತು ಮೀಟರ್ ಎತ್ತರವೂ ಇಲ್ಲದ ಬಾಂದಾರಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಗಟ್ಟಿತನ ನೋಡುವ ಇಂಜಿನಿಯರು ಮತ್ತು ನೀರು ನೋಡುವ ನಾವು ಒಂದೇ ದಿನ ಒಂದೇ ಬಾಂದಾರದ ಮೇಲೆ ನಿಲ್ಲಬೇಕು ಅನ್ನುವುದು ನನ್ನ ಬಹಳ ವರ್ಷದ ಬೇಡಿಕೆ.

ಗಟಾರದ ನೀರು ಶುದ್ಧ ಮಾಡುವ ಘಟಕ ಎಲ್ಲ ಊರಿಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಆಗುವ ತನಕ ಗೇಟು ಎತ್ತುವ ರೀತಿಯಲ್ಲೇ ಬಹಳಷ್ಟು ತಡೆಯಬಹುದು. ಮೇ ತಿಂಗಳಲ್ಲೇ ಒಂದೊಂದೇ ಗೇಟು ಸ್ವಲ್ಪ ಸ್ವಲ್ಪ ತೆಗೆಯಿರಿ. ಮೇಲಿನ ಅಣೆಕಟ್ಟೆಯಿಂದ ಕುಡಿಯುವುದಕ್ಕೆ ಅಂತ ನೀರು ಬಿಡುವ ದಿನಗಳಲ್ಲೇ ತೆಗೆದರೆ ಕಪ್ಪು ನೀರು ತೆಳುವಾಗುತ್ತದೆ. ನಸುಕಿನಲ್ಲಿ ಬೇಡ. ಪಾಚಿ ರಾತ್ರಿಯಿಡೀ ಉಸಿರಾಡಿ ಆ ಹೊತ್ತಿಗೆ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಮಧ್ಯಾಹ್ನ ಮೇಲು. ಹೂಳು ಎತ್ತುವುದಾದರೆ ಹೊಲಕ್ಕೆ ಹರಡುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ. ಕೆಳಗಿನ ಜಾಕ್‌ವೆಲ್ ನೋಡಿಕೊಳ್ಳುವವರಿಗೆ ಹಿಂದಿನ ದಿನವೇ ಫೋನ್ ಹೋಗಬೇಕು. ಅವರು ಟ್ಯಾಂಕ್ ತುಂಬಿಸಿಕೊಂಡು ಪಂಪ್ ನಿಲ್ಲಿಸಿಕೊಳ್ಳುತ್ತಾರೆ.

ಬಾಟಲಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟಾಗ ಆ ಹಿರಿಯರು ಬಲೆ ಸುತ್ತುತ್ತಾ ಕೇಳಿದ್ದೂ ಇಷ್ಟೇ: "ಗೇಟ್ ತೆಗಿಯೋದು ಯಾವತ್ತಂತ ನಮಗೂ ಒಂದ ಮಾತ ಹೇಳ್ರಿ ಸರ."