ಥ್ರಾಟಲ್ ಬಿಗಿ ಇದೆ ಅಂತ ಸ್ಪ್ರಿಂಗ್ ಕತ್ತರಿಸಬಹುದಾ?

ಪ್ರಶ್ನೆ: ನನ್ನ ಬೈಕಿನ ಥ್ರಾಟಲ್ ತುಂಬಾ ಬಿಗಿ. ಒಂದು ಗಂಟೆ ಓಡಿಸಿದರೆ ಬಲ ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಕಾರ್ಬ್ಯುರೇಟರ್ (ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಒಳಗಿನ ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸಿದರೆ ಹಗುರ ಆಗುತ್ತದೆ ಅಂತ ಗೆಳೆಯ ಹೇಳಿದ. ಮಾಡಲಾ?

ಉತ್ತರ: ಬೇಡ. ದಯವಿಟ್ಟು ಸ್ಪ್ರಿಂಗ್ ಮುಟ್ಟಬೇಡಿ. ಥ್ರಾಟಲ್ ಹಗುರ ಮಾಡಲು ದಾರಿ ಇದೆ, ಎಷ್ಟೋ ಸಲ ಒಂದು ಸ್ಕ್ರೂಡ್ರೈವರ್, ಒಂದು ಬಟ್ಟೆ ಚೂರು, ಸ್ವಲ್ಪ ಕೇಬಲ್ ಎಣ್ಣೆಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಆ ದಾರಿ ಸ್ಪ್ರಿಂಗ್ ಕಡೆ ಹೋಗುವುದಿಲ್ಲ.

ನಿಮ್ಮ ಕೈಗೆ ತಾಗುವ ಭಾರ ಎರಡು ಕಡೆಯಿಂದ ಬರುತ್ತದೆ. ಒಂದು, ಥ್ರಾಟಲನ್ನು ವಾಪಸ್ ಮುಚ್ಚುವ ಸ್ಪ್ರಿಂಗ್. ಇನ್ನೊಂದು, ದಾರಿಯಲ್ಲಿ ಸಿಗುವ ಉಜ್ಜಾಟ. ಅಂದರೆ ಗ್ರಿಪ್ಪು, ಅದರೊಳಗಿನ ಪ್ಲಾಸ್ಟಿಕ್ ಕೊಳವೆ, ಕೇಬಲ್, ಕೇಬಲ್ ಬಾಗುವ ಜಾಗಗಳು. ಕೈಗೆ ಎರಡೂ ಒಂದೇ ತರ ಅನಿಸುತ್ತವೆ. ಆದರೆ ಸ್ಪ್ರಿಂಗ್ ಥ್ರಾಟಲನ್ನು ಮುಚ್ಚಲು ನೋಡುತ್ತದೆ, ಉಜ್ಜಾಟ ತೆರೆಯುವಾಗಲೂ ತಡೆಯುತ್ತದೆ, ಮುಚ್ಚುವಾಗಲೂ ತಡೆಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಸ್ಪ್ರಿಂಗ್ 100 ಪಾಲು ಬಲದಿಂದ ಎಳೆಯುತ್ತಿದೆ ಅಂದುಕೊಳ್ಳಿ. ಕೇಬಲಿನ ಉಜ್ಜಾಟದಿಂದ ನಿಮ್ಮ ಕೈ 125 ಪಾಲು ಬಲ ಹಾಕಬೇಕಾಗಿದೆ. ಕೈ ಬಿಟ್ಟಾಗ ಅದೇ ಉಜ್ಜಾಟ ತಿರುಗಿ ಅಡ್ಡ ಬರುತ್ತದೆ, ಗ್ರಿಪ್ಪಿಗೆ ತಲುಪುವುದು ಬರೀ 80. ಈಗ ಕೇಬಲ್ ಸರಿಮಾಡಿ ಉಜ್ಜಾಟ ಕಡಿಮೆ ಮಾಡಿದಿರಿ, ಕೈಗೆ 110 ಸಾಕಾಯಿತು ಅಂತಿಟ್ಟುಕೊಳ್ಳಿ. ಆಗ ವಾಪಸ್ ಬರುವ ಬಲ ಸುಮಾರು 91ಕ್ಕೆ ಏರುತ್ತದೆ. ಕೈಗೂ ಹಗುರ, ಮುಚ್ಚುವುದೂ ಚುರುಕು. ಅದೇ 110ನ್ನು ಸ್ಪ್ರಿಂಗ್ ದುರ್ಬಲ ಮಾಡಿ ತಂದರೆ, ಸ್ಪ್ರಿಂಗ್ 88 ಆಗಿರುತ್ತದೆ, ವಾಪಸ್ ಬರುವುದು 70 ಮಾತ್ರ. ಕೈಗೆ ಎರಡೂ ಒಂದೇ. ತಿರುವಿನಲ್ಲಿ ಕೈ ಸಡಿಲಿಸಿದಾಗ ಮಾತ್ರ ಆ ವ್ಯತ್ಯಾಸ ಗೊತ್ತಾಗುತ್ತದೆ, ಆಗ ಗೊತ್ತಾಗಿ ಪ್ರಯೋಜನ ಇಲ್ಲ ಅಲ್ವಾ?

ಇನ್ನು ಕತ್ತರಿಸುವ ವಿಷಯ. ಸ್ಪ್ರಿಂಗ್ ಕತ್ತರಿಸಿದರೆ ಅದು ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ! 20 ಸುತ್ತಿನ ಸ್ಪ್ರಿಂಗಿನಲ್ಲಿ 2 ಸುತ್ತು ತೆಗೆದರೆ, ಉಳಿದ 18 ಸುತ್ತನ್ನು ಅಷ್ಟೇ ದೂರ ಒತ್ತಲು ಸುಮಾರು 11% ಜಾಸ್ತಿ ಬಲ ಬೇಕು. ಹಾಗಾದರೆ ಕತ್ತರಿಸಿದವರಿಗೆ ಹಗುರ ಅನಿಸುವುದು ಯಾಕೆ? ಸ್ಪ್ರಿಂಗ್ ಗಿಡ್ಡ ಆಗಿರುತ್ತದೆ, ಕೂರಿಸುವಾಗಲೇ ಮೊದಲಿನಷ್ಟು ಒತ್ತಿಕೊಂಡಿರುವುದಿಲ್ಲ. ಅಂದರೆ ಬಲ ಎಲ್ಲಕ್ಕಿಂತ ಕಡಿಮೆ ಆಗುವುದು ಥ್ರಾಟಲ್ ಇನ್ನೇನು ಪೂರ್ತಿ ಮುಚ್ಚಬೇಕು ಅನ್ನುವ ಜಾಗದಲ್ಲಿ. ಸ್ಪ್ರಿಂಗ್ ಅತಿ ಹೆಚ್ಚು ಬೇಕಾಗಿರುವುದೂ ಅಲ್ಲೇ.

ಸ್ಪ್ರಿಂಗನ್ನು ಅಷ್ಟು ಗಟ್ಟಿ ಇಟ್ಟಿರುವುದಕ್ಕೂ ಕಾರಣ ಇದೆ. ಕೇಬಲ್ ನೇರವಾಗಿ ಸ್ಲೈಡನ್ನು (ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆದು ಮುಚ್ಚುವ ತುಂಡು) ಎತ್ತುವ ಕಾರ್ಬ್ಯುರೇಟರಿನಲ್ಲಿ ಇಂಜಿನ್ ಗಾಳಿ ಎಳೆಯುವಾಗ ಸ್ಲೈಡು ಇಂಜಿನ್ ಕಡೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಥ್ರಾಟಲ್ ಕಡಿಮೆ ತೆರೆದಿದ್ದಾಗ ಈ ಎಳೆತ ಜೋರು. ಆ ಒತ್ತುವಿಕೆಯನ್ನು ಮೀರಿ ಸ್ಲೈಡನ್ನು ಕೆಳಗೆ ತಳ್ಳಬೇಕಾದ್ದು ಸ್ಪ್ರಿಂಗು. ಇಂಜಿನ್ ಆಫ್ ಇದ್ದಾಗ ಟಪ್ ಅಂತ ಮುಚ್ಚುವ ಸ್ಲೈಡು, ಓಡುವಾಗ ಹಾಗೇ ಮುಚ್ಚುತ್ತದೆ ಅಂತ ಹೇಳಲಾಗುವುದಿಲ್ಲ. ರೇಸಿಂಗ್ ಬೈಕುಗಳಲ್ಲಿ ಹೆಸರು ಮಾಡಿದ ಕೀಹಿನ್ ಎಫ್‌ಸಿಆರ್ ಕಾರ್ಬ್ಯುರೇಟರಿನಲ್ಲಿ ಸ್ಲೈಡಿಗೆ ಸಣ್ಣ ರೋಲರುಗಳನ್ನು ಕೊಟ್ಟಿರುವುದು ಇದಕ್ಕೇ. ಉಜ್ಜಾಟ ಕಡಿಮೆ ಮಾಡಿದರೆ ಕೈಯೂ ಹಗುರ, ಸ್ಲೈಡೂ ಸಲೀಸು. ನಾವು ಹಿಡಿಯಬೇಕಾದ ದಾರಿಯೂ ಅದೇ.

ಮೊದಲು ಉಜ್ಜಾಟ ಎಲ್ಲಿದೆ ಅಂತ ಹುಡುಕಿ. ಇಂಜಿನ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತಿರುಗಿಸಿ ಕೈ ಬಿಡಿ. ಪಟ್ ಅಂತ ಮುಚ್ಚಬೇಕು, ತೆವಳಿಕೊಂಡು ಬರಬಾರದು. ಹ್ಯಾಂಡಲ್ ನೇರ ಇಟ್ಟು ಒಮ್ಮೆ, ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ ನೋಡಿ. ಒಂದು ಕಡೆ ಮಾತ್ರ ಬಿಗಿಯಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಎಳೆದುಕೊಳ್ಳುತ್ತಿದೆ ಅಂತ ಅರ್ಥ.

ಆಮೇಲೆ ಬಾರ್ ಎಂಡ್ ಬಿಚ್ಚಿ. ಹ್ಯಾಂಡಲ್ ತುದಿಯಲ್ಲಿರುವ ತೂಕದ ತುಂಡು ಅದು. ಇದನ್ನು ಮೊದಲೇ ಹೇಳುವುದಕ್ಕೆ ನನ್ನ ಅನುಭವವೇ ಕಾರಣ. ಹೊಸ ಗ್ರಿಪ್ ಹಾಕಿಸಿದ ಮೇಲೆ ನನ್ನ ಬೈಕಿನ ಥ್ರಾಟಲ್ ಸೋಮಾರಿಯಾಯಿತು. ಬಿಟ್ಟರೆ ಮುಕ್ಕಾಲು ದಾರಿ ಬಂದು ನಿಲ್ಲುತ್ತಿತ್ತು. ಕೇಬಲ್ ಹೋಗಿದೆ ಅಂದುಕೊಂಡು ಹೊಸ ಕೇಬಲ್ ಹಾಕಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಬಾರ್ ಎಂಡ್ ಬಿಚ್ಚಿದಾಗ ಅದರ ಒಳಮುಖದ ಸುತ್ತ ಕಪ್ಪು ರಬ್ಬರ್ ಪುಡಿಯ ಒಂದು ಉಂಗುರ ಇತ್ತು, ಪೆನ್ಸಿಲಿನಲ್ಲಿ ಬರೆದ ಹಾಗೆ. ಹೊಸ ಗ್ರಿಪ್ ಹಳೆಯದಕ್ಕಿಂತ ಕೂದಲೆಳೆಯಷ್ಟು ಉದ್ದ ಇತ್ತು, ತಿರುಗಿಸಿದಾಗಲೆಲ್ಲ ಬಾರ್ ಎಂಡಿಗೆ ಉಜ್ಜುತ್ತಿತ್ತು. ಗ್ರಿಪ್ಪನ್ನು ಚೂರು ಒಳಕ್ಕೆ ಸರಿಸಿ, ನಡುವೆ 1ರಿಂದ 2 ಮಿಲಿಮೀಟರ್ ಜಾಗ ಬಿಟ್ಟೆ. ಅಷ್ಟೇ. ಬೇರೆ ಬೈಕು ಕೊಟ್ಟ ಹಾಗಾಯಿತು.

ಬಾರ್ ಎಂಡ್ ತೆಗೆದರೂ ಬಿಗಿ ಇದ್ದರೆ ಕಾರ್ಬ್ಯುರೇಟರ್ ಕಡೆ ಕೇಬಲ್ ತುದಿ ಬಿಡಿಸಿ. ಈಗ ಗ್ರಿಪ್ ತಿರುಗಿಸಿ ನೋಡಿ, ಗಾಳಿಯಲ್ಲಿ ತಿರುಗಿದ ಹಾಗೆ ಇರಬೇಕು. ಅಲ್ಲೇ ಬಿಗಿ ಅಂದರೆ ತಪ್ಪು ಮೇಲಿದೆ. ಸ್ವಿಚ್ ಡಬ್ಬಿಯನ್ನು ತೀರಾ ಬಿಗಿದಿರಬಹುದು, ಗ್ರಿಪ್ಪಿಗೆ ಹಾಕಿದ ಅಂಟು ಕೊಳವೆಯ ಒಳಗೆ ಇಳಿದಿರಬಹುದು, ಹಿಂದೆ ಯಾವಾಗಲೋ ಬೈಕ್ ಬಿದ್ದಾಗ ಹ್ಯಾಂಡಲ್ ತುದಿ ಮಡಚಿಕೊಂಡು ಮುಳ್ಳೆದ್ದಿರಬಹುದು. ಕೊಳವೆಯನ್ನು ಹೊರಗೆ ಎಳೆದು, ಹ್ಯಾಂಡಲ್ ಕೊಳಾಯಿಯನ್ನು ಚೆನ್ನಾಗಿ ಒರೆಸಿ, ಮುಳ್ಳಿದ್ದರೆ ಸಣ್ಣ ಅರದಿಂದ ಉಜ್ಜಿ. ಇಲ್ಲಿ ದಪ್ಪ ಗ್ರೀಸ್ ಮೆತ್ತಬೇಡಿ. ಎರಡು ದಿನ ಬೆಣ್ಣೆ ತರ ತಿರುಗುತ್ತದೆ, ಆಮೇಲೆ ಧೂಳು ಸೇರಿ ಅಂಟು ಕೆಸರಾಗುತ್ತದೆ.

ಇನ್ನು ಕೇಬಲ್. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಎತ್ತು ಎಳೆದರೂ ಜಾರುವುದಿಲ್ಲ. ಕೇಬಲಿನಲ್ಲಿ ನಡೆಯುವುದೂ ಅದೇ. ಒಳಗಿನ ತಂತಿ ಪ್ರತಿ ಬಾಗುವಿಕೆಯಲ್ಲೂ ಹೊರಗಿನ ಕವಚಕ್ಕೆ ಒತ್ತಿಕೊಳ್ಳುತ್ತದೆ, ಈ ಉಜ್ಜಾಟ ಬಾಗುವಿಕೆಗಳ ಒಟ್ಟು ಕೋನ ಹೆಚ್ಚಿದಂತೆ ಕೂಡುತ್ತಾ ಅಲ್ಲ, ಗುಣಿಸುತ್ತಾ ಹೋಗುತ್ತದೆ. ಒಂದು ಕಾಲು ಸುತ್ತಿನ ಬಾಗಿನಲ್ಲಿ ಭಾರ 17% ಹೆಚ್ಚಿದರೆ, ಇನ್ನೊಂದು ಅಂಥದ್ದೇ ಬಾಗಿನಲ್ಲಿ ಒಟ್ಟು ಸುಮಾರು 37% ಆಗುತ್ತದೆ. ಅದಕ್ಕೇ ಹ್ಯಾಂಡಲ್ ಎತ್ತರ ಬದಲಿಸಿದವರಿಗೆ, ಟ್ಯಾಂಕ್ ಬಿಚ್ಚಿ ಕೇಬಲನ್ನು ಬೇರೆ ದಾರಿಯಲ್ಲಿ ಕೂರಿಸಿದವರಿಗೆ ಇದ್ದಕ್ಕಿದ್ದಂತೆ ಥ್ರಾಟಲ್ ಬಿಗಿಯಾಗುವುದು. ಕಂಪನಿ ಕೊಟ್ಟ ದಾರಿಯಲ್ಲೇ ಕೂರಿಸಿ, ಬಾಗುಗಳು ಅಗಲವಾಗಿ, ಕಡಿಮೆ ಇರಲಿ, ಜಿಪ್ ಟೈ ಹಾಕಿ ಹಿಸುಕಬೇಡಿ.

ಬಿಡಿಸಿದ ಕೇಬಲನ್ನು ಕೈಯಲ್ಲಿ ಹಿಡಿದು ಆಚೀಚೆ ಎಳೆಯಿರಿ. ಜರಜರ ಅಂತ ಮರಳು ಸಿಕ್ಕಿದ ಹಾಗೆ ಅನಿಸಿದರೆ ಎಣ್ಣೆ ಬೇಕು ಅಥವಾ ಹೊಸ ಕೇಬಲ್ ಬೇಕು. ತುದಿಯ ಗುಂಡಿನ ಹತ್ತಿರ ಬೆರಳಿನಿಂದ ನಿಧಾನವಾಗಿ ಸವರಿ ನೋಡಿ. ಎಳೆ ಒಂದು ಮುರಿದಿದ್ದರೆ ಸೂಜಿಯಂತೆ ಚುಚ್ಚುತ್ತದೆ. ಅಂಥ ಕೇಬಲಿಗೆ ಎಣ್ಣೆ ಹಾಕಿ ಮತ್ತೆ ಕೂರಿಸಬೇಡಿ. ಆ ಮುರಿದ ಎಳೆ ಒಂದು ದಿನ ಕವಚದ ಬಾಯಿಗೆ ಸಿಕ್ಕಿಕೊಂಡರೆ ಥ್ರಾಟಲ್ ತೆರೆದೇ ನಿಲ್ಲುತ್ತದೆ. ಎಣ್ಣೆ ಹಾಕುವಾಗ ಕೇಬಲಿಗೆಂದೇ ಇರುವ ತೆಳು ಎಣ್ಣೆ ಬಳಸಿ, ಮೇಲಿನ ತುದಿಯಿಂದ ಬಿಟ್ಟು ಕೆಳಗಿನ ತುದಿಯಲ್ಲಿ ಚೊಕ್ಕ ಎಣ್ಣೆ ತೊಟ್ಟಿಕ್ಕುವ ತನಕ ಕಾಯಿರಿ. ಡಬ್ಲ್ಯುಡಿ-40 ಒಳಗಿನ ಕೊಳೆ, ನೀರು ಹೊರಗೆ ಹಾಕಲು ಚೆನ್ನಾಗಿದೆ, ಆದರೆ ಬಹಳ ದಿನ ಬಾಳುವ ಎಣ್ಣೆ ಅದಲ್ಲ. ಒಳಗೆ ಟೆಫ್ಲಾನ್ ಪದರ ಇರುವ ಕೇಬಲ್ ಆದರೆ ಎಣ್ಣೆ ಬೇಕೋ ಬೇಡವೋ ಅಂತ ಮ್ಯಾನ್ಯುಯಲ್ ನೋಡಿ.

ಎರಡು ಕೇಬಲ್ ಇರುವ ಬೈಕಾದರೆ ಒಂದು ತೆರೆಯಲು, ಇನ್ನೊಂದು ಮುಚ್ಚಲು. ಮುಚ್ಚುವ ಕೇಬಲನ್ನು ತೀರಾ ಬಿಗಿ ಮಾಡಿದ್ದರೆ ಎರಡೂ ಒಂದನ್ನೊಂದು ಎಳೆದುಕೊಂಡು ಭಾರ ಹೆಚ್ಚುತ್ತದೆ. ಸ್ವಲ್ಪ ಸಡಿಲಿಸಿ. ಮುಚ್ಚುವ ಕೇಬಲ್ ತೆಗೆದರೆ ಹಗುರ ಆಗುವುದು ನಿಜ, ಆದರೆ ಸ್ಲೈಡ್ ಸಿಕ್ಕಿಕೊಂಡ ದಿನ ಕೈಯಿಂದ ಎಳೆದು ಮುಚ್ಚಲು ಇರುವುದು ಅದೊಂದೇ.

ಇಷ್ಟೆಲ್ಲ ಮಾಡಿಯೂ ಇನ್ನೂ ಹಗುರ ಬೇಕಾ? ಆಗ ಮಾರ್ಪಾಡಿನ ಮಾತು. ಥ್ರಾಟಲ್ ಕೊಳವೆಯಲ್ಲಿ ಕೇಬಲ್ ಸುತ್ತಿಕೊಳ್ಳುವ ಚಕ್ರ ಚಿಕ್ಕದಾದಷ್ಟೂ ಕೈಗೆ ಹಗುರ. ಅದರ ಅರೆವ್ಯಾಸ 20 ಮಿಲಿಮೀಟರಿನಿಂದ 16ಕ್ಕೆ ಇಳಿದರೆ ಭಾರ 20% ಕಡಿಮೆ ಆಗುತ್ತದೆ. ಬದಲಿಗೆ 80 ಡಿಗ್ರಿ ತಿರುಗಿಸಿ ಪೂರ್ತಿ ತೆರೆಯುತ್ತಿದ್ದದ್ದು 100 ಡಿಗ್ರಿ ಆಗುತ್ತದೆ, ಮಣಿಕಟ್ಟು ಜಾಸ್ತಿ ಬಾಗಬೇಕು. ಕ್ವಿಕ್ ಥ್ರಾಟಲ್ ಅಂತ ಮಾರುವ ಕಿಟ್ ಇದರ ತಿರುಗುಮುರುಗು. ದೊಡ್ಡ ಚಕ್ರ, ಕಡಿಮೆ ತಿರುವು, ಜಾಸ್ತಿ ಭಾರ. ಹೆಸರು ನೋಡಿ ಮರುಳಾಗಬೇಡಿ, ನಿಮ್ಮ ತೊಂದರೆಗೆ ಅದು ಮದ್ದಲ್ಲ. ನನ್ನನ್ನು ಕೇಳಿದರೆ ದಪ್ಪ ಗ್ರಿಪ್ಪೇ ಒಳ್ಳೆಯದು. 32 ಮಿಲಿಮೀಟರ್ ದಪ್ಪದ ಗ್ರಿಪ್ಪಿನ ಬದಲು 36 ಹಾಕಿದರೆ ಕೈ ಹಾಕಬೇಕಾದ ಬಲ ಸುಮಾರು 11% ಇಳಿಯುತ್ತದೆ. ತಿರುಗಿಸುವ ಡಿಗ್ರಿ ಬದಲಾಗುವುದಿಲ್ಲ, ಮೆತ್ತನೆಯದಾದರೆ ಅದುರುವುದೂ ಕಡಿಮೆ. ಕೈ ಚಿಕ್ಕದಿದ್ದವರಿಗೆ ಮಾತ್ರ ದಪ್ಪ ಗ್ರಿಪ್ ಇನ್ನಷ್ಟು ಸುಸ್ತು ಮಾಡಬಹುದು, ಹಿಡಿದು ನೋಡಿ ತಗೊಳ್ಳಿ. ಅಂಗೈ ಊರಲು ಗ್ರಿಪ್ಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಉದ್ದದ ದಾರಿಯಲ್ಲಿ ಸುಖ. ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿಯಲು ಬೆರಳು ಚಾಚಿದಾಗ ಅಂಗೈ ಅದನ್ನೇ ಒತ್ತಿ ಬೈಕ್ ಮುಂದಕ್ಕೆ ಚಿಮ್ಮಬಹುದು, ಅಲ್ಲಿ ಬೇಡ.

ಕೇಬಲ್ ಬದಲು ಸೆನ್ಸರ್ ಇರುವ ಹೊಸ ಬೈಕುಗಳಲ್ಲಿ ಗ್ರಿಪ್ ಮತ್ತು ಬಾರ್ ಎಂಡ್ ಬಿಟ್ಟು ಬೇರೇನೂ ಬಿಚ್ಚಬೇಡಿ.

ನೀವು ಹೇಳಿದ ಜೋಮಿಗೆ ಥ್ರಾಟಲ್ ಒಂದೇ ಕಾರಣ ಅಲ್ಲದಿರಬಹುದು. ಬಿಗಿ ಥ್ರಾಟಲ್ ಜಾರಬಾರದು ಅಂತ ನಾವು ಗೊತ್ತಿಲ್ಲದೆಯೇ ಮುಷ್ಟಿ ಬಿಗಿಯುತ್ತೇವೆ, ಮಣಿಕಟ್ಟು ಕೆಳಗೆ ಬಾಗಿಸುತ್ತೇವೆ. ಗ್ರಿಪ್ಪನ್ನು ಸ್ಕ್ರೂಡ್ರೈವರ್ ಹಿಡಿದ ಹಾಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ, ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಬೈಕ್ ಇಳಿದ ಮೇಲೂ ಜೋಮು ಉಳಿದರೆ ಡಾಕ್ಟರಿಗೆ ತೋರಿಸಿ.

ಎಲ್ಲ ಜೋಡಿಸಿದ ಮೇಲೆ ಫ್ರೀ ಪ್ಲೇ ನೋಡಿ. ಗ್ರಿಪ್ಪಿನ ಅಂಚು ಭಾರವಿಲ್ಲದೆ ಸುಮ್ನೆ ಆಡುವ ದೂರ ಅದು, ಬಹಳಷ್ಟು ಬೈಕುಗಳಲ್ಲಿ 2ರಿಂದ 6 ಮಿಲಿಮೀಟರ್ ಒಳಗೆ ಇರುತ್ತದೆ, ನಿಮ್ಮದರ ಅಳತೆ ಮ್ಯಾನ್ಯುಯಲಿನಲ್ಲಿ ಸಿಗುತ್ತದೆ. ಜಾಸ್ತಿ ಇದ್ದರೆ ನಿಧಾನ ಹೋಗುವಾಗ ಬೈಕ್ ಜಗ್ಗಾಡುತ್ತದೆ. ಆಮೇಲೆ ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಇಂಜಿನ್ ಶುರು ಮಾಡಿ, ಹ್ಯಾಂಡಲನ್ನು ಎರಡೂ ಕಡೆ ಕೊನೆಯ ತನಕ ತಿರುಗಿಸಿ. ಇಂಜಿನ್ ಸದ್ದು ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ, ರಸ್ತೆಗೆ ಇಳಿಯಬೇಡಿ. ಮೊದಲ ಸಲ ಓಡಿಸುವಾಗ ಖಾಲಿ ರಸ್ತೆ ನೋಡಿಕೊಳ್ಳಿ, ಕಿಲ್ ಸ್ವಿಚ್ (ಇಂಜಿನ್ ತಕ್ಷಣ ಆಫ್ ಮಾಡುವ ಗುಂಡಿ) ಕೆಲಸ ಮಾಡುತ್ತದೆ ಅಂತ ನಿಂತಲ್ಲೇ ಒಮ್ಮೆ ಒತ್ತಿ ಖಾತ್ರಿ ಮಾಡಿಕೊಳ್ಳಿ. ಥ್ರಾಟಲ್ ಎಲ್ಲಾದರೂ ಸಿಕ್ಕಿಕೊಂಡರೆ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಬ್ರೇಕ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ.