ಸದ್ದಿಲ್ಲದ ಫ್ಯಾನ್ ಆರಿಸುವುದು: ಡಬ್ಬಿ ಮೇಲಿನ ಅಂಕಿಗಳ ಜೊತೆ ಗುದ್ದಾಟ

ಕಂಪ್ಯೂಟರ್ ಕ್ಯಾಬಿನೆಟ್ ಬಿಚ್ಚಿ ಫ್ಯಾನ್ ಕಳಚಿ ಹಾಕುವುದು ಬಲ್ಲವರಿಗಾಗಿ ಈ ಟಿಪ್ಪಣಿ. ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಮಾಮೂಲಿ ಫ್ಯಾನ್ 120 ಮಿ.ಮೀ. ಇಲ್ಲವೇ 140 ಮಿ.ಮೀ., ದಪ್ಪ 25 ಮಿ.ಮೀ. ಸ್ಕ್ರೂ ತೂತುಗಳ ನಡುವಿನ ಅಂತರ 120ರದ್ದಕ್ಕೆ 105 ಮಿ.ಮೀ., 140ರದ್ದಕ್ಕೆ 124.5 ಮಿ.ಮೀ. ಸ್ಕೇಲ್ ಹಿಡಿದು ನೋಡಿದರೆ ನಿಮ್ಮ ಕ್ಯಾಬಿನೆಟ್‌ನಲ್ಲಿ ಯಾವುದು ಕೂರುತ್ತದೆ ಅಂತ ಗೊತ್ತಾಗುತ್ತದೆ.

ಡೆಸಿಬೆಲ್ ನೋಡಿ ಕೊಳ್ಳೋಕೆ ಯಾಕಾಗಲ್ಲ

ಎರಡು ಹೆಸರುವಾಸಿ ಫ್ಯಾನ್‌ಗಳ ವಿವರ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12ಎಕ್ಸ್25 ಪಿಡಬ್ಲ್ಯುಎಂ: 2000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಗಾಳಿ ಗಂಟೆಗೆ 102.1 ಘನ ಮೀಟರ್, ಒತ್ತಡ 2.34 ಮಿ.ಮೀ. ನೀರು (ಅಷ್ಟು ಎತ್ತರದ ನೀರಿನ ಒತ್ತಡ), ಸದ್ದು 22.6 ಡೆಸಿಬೆಲ್. ಆರ್ಕ್‌ಟಿಕ್ ಕಂಪನಿಯ ಪಿ12 ಪಿಡಬ್ಲ್ಯುಎಂ: 1800 ಆರ್‌ಪಿಎಂ, ಗಾಳಿ 56.3 ಸಿಎಫ್‌ಎಂ, ಒತ್ತಡ 2.2 ಮಿ.ಮೀ. ನೀರು, ಸದ್ದು 0.3 ಸೋನ್.

ಒಬ್ಬರದು ಘನ ಮೀಟರ್, ಇನ್ನೊಬ್ಬರದು ನಿಮಿಷಕ್ಕೆ ಘನ ಅಡಿ. ಅದೇನೂ ಕಷ್ಟವಲ್ಲ, 1 ಸಿಎಫ್‌ಎಂ ಅಂದರೆ ಗಂಟೆಗೆ 1.7 ಘನ ಮೀಟರ್. ಮೊದಲನೆಯದು ಸುಮಾರು 60 ಸಿಎಫ್‌ಎಂ ಆಯಿತು. ಸದ್ದಿನ ಅಂಕಿಗಳು ಹೀಗೆ ಒಂದರಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಡೆಸಿಬೆಲ್ ಮೈಕಿಗೆ ಸಿಕ್ಕ ಸದ್ದು. ಮೈಕ್ ಎಷ್ಟು ದೂರ ಇಟ್ಟಿದ್ದರು ಅಂತ ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯದು, ಯಾಕೆಂದರೆ ಬಯಲಲ್ಲಿ ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಸೋನ್ ಕಿವಿಗೆ ಎಷ್ಟು ಜೋರು ಅನಿಸುತ್ತದೆ ಎಂಬುದರ ಲೆಕ್ಕ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಡಬ್ಬಿ ಮೇಲೆ ಇರುವುದು ಪೂರ್ತಿ ವೇಗದ ಅಂಕಿ, ಅದೂ ಫ್ಯಾನ್ ಒಂಟಿಯಾಗಿ ತಿರುಗುವಾಗಿನದು. ಮನೆಯಲ್ಲಿ ಅದನ್ನು 700–900 ಆರ್‌ಪಿಎಂನಲ್ಲಿ, ಜಾಲರಿಯ ಹಿಂದೆ, ತಗಡಿಗೆ ಬಿಗಿದು ಓಡಿಸುತ್ತೇವೆ. ಆ ಸ್ಥಿತಿಯಲ್ಲಿ ಎಷ್ಟು ಸದ್ದು ಮಾಡುತ್ತದೆ ಅನ್ನುವುದು ಡಬ್ಬಿಯಲ್ಲಿ ಎಲ್ಲೂ ಇರುವುದಿಲ್ಲ.

ವೇಗ ಇಳಿಸಿದರೆ ಎಷ್ಟು ಲಾಭ

ಫ್ಯಾನ್ ನಿಯಮಗಳು ಅಂತ ಇವೆ. ವೇಗ ಎಷ್ಟು ಪಟ್ಟೋ ಗಾಳಿಯೂ ಅಷ್ಟೇ ಪಟ್ಟು. ಒತ್ತಡ ವೇಗದ ವರ್ಗದಂತೆ. ಕರೆಂಟಿನ ಖರ್ಚು ವೇಗದ ಘನದಂತೆ. ಸದ್ದು ಬದಲಾಗುವುದು 50 × ಲಾಗ್ (ಹೊಸ ವೇಗ ÷ ಹಳೆ ವೇಗ) ಡೆಸಿಬೆಲ್‌ನಷ್ಟು. ಅರ್ಧ ವೇಗಕ್ಕೆ ತಂದರೆ 15 ಡೆಸಿಬೆಲ್ ಕಡಿಮೆ, 30 ಪರ್ಸೆಂಟ್ ಇಳಿಸಿದರೆ ಹೆಚ್ಚುಕಡಿಮೆ 8. ಕಿವಿಗೆ 10 ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಅನಿಸುತ್ತದೆ.

ಇನ್ನು ಒಂದೇ ಥರದ ಎರಡು ಫ್ಯಾನ್ ಸೇರಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಅಂದರೆ ಒಂದು ಫ್ಯಾನನ್ನು ಪೂರ್ತಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ, ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ಸದ್ದು ಕಡಿಮೆ ಮಾಡಬೇಕು ಅಂತ ಫ್ಯಾನ್ ಜಾಸ್ತಿ ಹಾಕುವುದು ಕೇಳೋಕೆ ವಿಚಿತ್ರ, ಆದರೆ ಲೆಕ್ಕ ಹೇಳುವುದು ಅದನ್ನೇ. ಜಾಗ ಇದ್ದರೆ 120 ಬಿಟ್ಟು 140 ಹಾಕಿ ಅನ್ನುವುದಕ್ಕೂ ಇದೇ ಕಾರಣ: ದೊಡ್ಡ ರೆಕ್ಕೆ ನಿಧಾನ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ.

ಒತ್ತಡ ಮತ್ತು ಗಾಳಿ: ನನಗೆ ತಲೆಗೆ ಹತ್ತದಿದ್ದ ಜಾಗ

ಇಲ್ಲಿ ನಿಧಾನಕ್ಕೆ ಹೋಗುತ್ತೇನೆ, ಗೊತ್ತಿದ್ದವರು ದಾಟಿಕೊಂಡು ಹೋಗಿ.

ಡಬ್ಬಿಯಲ್ಲಿ 56 ಸಿಎಫ್‌ಎಂ, 2.2 ಮಿ.ಮೀ. ನೀರು ಅಂತ ಇದ್ದರೆ, ಫ್ಯಾನ್ 56 ಸಿಎಫ್‌ಎಂ ಗಾಳಿಯನ್ನು 2.2 ಮಿ.ಮೀ. ಒತ್ತಡದಲ್ಲಿ ತಳ್ಳುತ್ತದೆ ಅಂತಲೇ ಓದಿಕೊಳ್ಳುತ್ತೇವೆ. ಹಾಗಲ್ಲ. 56 ಬರುವುದು ಎದುರಿಗೆ ಏನೂ ಅಡ್ಡ ಇಲ್ಲದಾಗ, ಆಗ ಒತ್ತಡ ಸೊನ್ನೆ. 2.2 ಬರುವುದು ಬಾಯಿ ಪೂರ್ತಿ ಮುಚ್ಚಿದಾಗ, ಆಗ ಗಾಳಿ ಸೊನ್ನೆ. ಒಂದೇ ಗೆರೆಯ ಎರಡು ತುದಿಗಳು ಇವು. ಫ್ಯಾನ್ ಯಾವತ್ತೂ ಎರಡರ ನಡುವೆ ಎಲ್ಲೋ ಓಡುತ್ತಿರುತ್ತದೆ. ಎಲ್ಲಿ ಅನ್ನುವುದನ್ನು ಫ್ಯಾನ್ ಒಂದೇ ತೀರ್ಮಾನಿಸುವುದಿಲ್ಲ. ಜಾಲರಿ, ಧೂಳು ತಡೆಯುವ ಫಿಲ್ಟರ್, ಹೀಟ್‌ಸಿಂಕ್‌ನ (ಚಿಪ್‌ನ ಬಿಸಿ ಹೀರುವ ಲೋಹದ ತುಂಡು) ಎಸಳುಗಳ ತಡೆಯೂ ಸೇರಿ ತೀರ್ಮಾನವಾಗುತ್ತದೆ.

ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆ ಗಾಳಿ, ನಿಂತಗೆರೆ ಒತ್ತಡ. ಲೆಕ್ಕಕ್ಕೆಂದು ಎರಡು ಫ್ಯಾನ್ ಹಿಡಿಯೋಣ. ‘ಅ’ ಫ್ಯಾನ್: 70 ಸಿಎಫ್‌ಎಂ, 1.2 ಮಿ.ಮೀ. ‘ಆ’ ಫ್ಯಾನ್: 56 ಸಿಎಫ್‌ಎಂ, 2.2 ಮಿ.ಮೀ. ಎರಡಕ್ಕೂ ತುದಿಯಿಂದ ತುದಿಗೆ ನೇರ ಗೆರೆ ಎಳೆಯಿರಿ. ನಿಜವಾದ ಫ್ಯಾನಿನ ಗೆರೆ ನೇರ ಇರುವುದಿಲ್ಲ, ಮಧ್ಯೆ ಒಂದು ತಗ್ಗು ಬರುತ್ತದೆ. ಅರ್ಥ ಮಾಡಿಕೊಳ್ಳೋಕೆ ನೇರ ಗೆರೆ ಸಾಕು. ಈಗ ಕ್ಯಾಬಿನೆಟ್‌ನ ತಡೆ. ಗಾಳಿ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಆದ್ದರಿಂದ ಅದು ಸೊನ್ನೆಯಿಂದ ಹೊರಟು ಮೇಲಕ್ಕೆ ಬಾಗುವ ಗೆರೆ. ಫಿಲ್ಟರ್ ಇರುವ ಕ್ಯಾಬಿನೆಟ್‌ಗೆ 40 ಸಿಎಫ್‌ಎಂನಲ್ಲಿ 1 ಮಿ.ಮೀ. ತಡೆ ಅಂತ ಇಟ್ಟುಕೊಳ್ಳಿ. 20ರಲ್ಲಿ 0.25 ಆಗುತ್ತದೆ.

ಗೆರೆಗಳು ಸಂಧಿಸುವ ಜಾಗವೇ ಫ್ಯಾನ್ ನಿಜಕ್ಕೂ ಓಡುವ ಜಾಗ. ‘ಅ’ ಸುಮಾರು 32 ಸಿಎಫ್‌ಎಂನಲ್ಲಿ ಸಂಧಿಸುತ್ತದೆ, ‘ಆ’ ಸುಮಾರು 36ರಲ್ಲಿ. ಡಬ್ಬಿಯಲ್ಲಿ 14 ಸಿಎಫ್‌ಎಂ ಹೆಚ್ಚು ಬರೆಸಿಕೊಂಡ ಫ್ಯಾನೇ ಹಿಂದೆ ಬಿತ್ತು. ಈಗ ಫಿಲ್ಟರ್ ಕಿತ್ತು, ತಡೆಯನ್ನು ಐದನೇ ಒಂದು ಭಾಗಕ್ಕೆ ಇಳಿಸಿ ಗೆರೆ ಎಳೆಯಿರಿ: ‘ಅ’ 51, ‘ಆ’ 48ರ ಮೇಲೆ ಸ್ವಲ್ಪ. ತಿರುಗುಮುರುಗು! ಹಾಗಾಗಿ ಮುಂದಿನ ಫಿಲ್ಟರ್‌ಗೂ ಹೀಟ್‌ಸಿಂಕ್‌ಗೂ ಒತ್ತಡದ ಫ್ಯಾನ್, ಹಿಂದಿನ ತೆರೆದ ಬಾಯಿಗೆ ಯಾವುದಾದರೂ ಸರಿ.

ಇಷ್ಟಾದ ಮೇಲೆ ಇನ್ನೊಂದು ಗಂಟು. ವೇಗ ಅರ್ಧ ಮಾಡಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ ಅಂದೆವು. 2.2 ಇದ್ದದ್ದು 0.55. ಹಾಗಿದ್ದರೆ ಫಿಲ್ಟರ್ ದಾಟಿ ಗಾಳಿ ಒಳಗೆ ಬರುವುದು ಹೇಗೆ? ಸದ್ದು ಕಡಿಮೆ ಮಾಡಲು ಹೋಗಿ ಫ್ಯಾನ್ ಸುಮ್ಮನೆ ತಿರುಗುತ್ತಾ ಕೂರುವುದಿಲ್ಲವೇ?

ಇಲ್ಲ, ಯಾಕೆಂದರೆ ಎದುರಿನ ತಡೆಯೂ ಇಳಿದಿರುತ್ತದೆ. ಗಾಳಿ ಅರ್ಧವಾದಾಗ ತಡೆಯೂ ಕಾಲು ಭಾಗ. ‘ಆ’ ಫ್ಯಾನನ್ನೇ ಅರ್ಧ ವೇಗಕ್ಕೆ ತನ್ನಿ: ತುದಿಗಳು 28 ಸಿಎಫ್‌ಎಂ, 0.55 ಮಿ.ಮೀ. ಆ ಗೆರೆಯನ್ನು ಅದೇ ಫಿಲ್ಟರ್‌ನ ಗೆರೆಯೊಂದಿಗೆ ಸಂಧಿಸಿ ನೋಡಿದರೆ ಹೆಚ್ಚುಕಡಿಮೆ 18 ಸಿಎಫ್‌ಎಂ. ಮೊದಲಿನ 36ರ ಅರ್ಧ, ಒಂದಿಷ್ಟೂ ನಷ್ಟ ಇಲ್ಲ. ಫ್ಯಾನೂ ತಡೆಯೂ ಒಟ್ಟಿಗೇ ಕುಗ್ಗುತ್ತವೆ. ಈ ಒಂದು ಸಾಲು ಹಿಡಿತಕ್ಕೆ ಬಂದ ಮೇಲೆ ‘ಕಡಿಮೆ ವೇಗಕ್ಕೆ ಒತ್ತಡದ ಫ್ಯಾನ್ ಲಾಯಕ್ಕಿಲ್ಲ’ ಅನ್ನುವ ವಾದ ಕೇಳಿದರೆ ನಗು ಬರುತ್ತದೆ. ಒಂದು ತಿದ್ದುಪಡಿ: ಬಟ್ಟೆಯಂಥ ಒತ್ತು ಹೆಣಿಗೆಯ ಫಿಲ್ಟರ್‌ನಲ್ಲಿ ತಡೆ ವರ್ಗದಂತೆ ಇಳಿಯದೆ ಹೆಚ್ಚುಕಡಿಮೆ ಗಾಳಿಯಷ್ಟೇ ಇಳಿಯುತ್ತದೆ, ಅಲ್ಲಿ ಅರ್ಧ ವೇಗಕ್ಕೆ ಅರ್ಧಕ್ಕಿಂತ ಕಡಿಮೆ ಗಾಳಿ ಸಿಗುತ್ತದೆ. ಧೂಳು ತುಂಬಿದ ಫಿಲ್ಟರ್‌ದೂ ಅದೇ ಕಥೆ. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಕೂರುವ ಮನೆಗಳಲ್ಲಿ ಹೊಸ ಫ್ಯಾನ್ ಕೊಳ್ಳುವ ಮುಂಚೆ ಫಿಲ್ಟರ್ ತೊಳೆದು ನೋಡುವುದು ಪುಕ್ಕಟೆ ಪ್ರಯೋಗ.

ಎಷ್ಟು ಗಾಳಿ ಬೇಕು: ಎರಡರ ಸೂತ್ರ

ಇದು ನನ್ನ ಅಚ್ಚುಮೆಚ್ಚಿನದು. ಗಾಳಿ ಹೊತ್ತೊಯ್ಯುವ ಶಾಖದ ಲೆಕ್ಕದಿಂದ ಬರುತ್ತದೆ: ಬೇಕಾದ ಸಿಎಫ್‌ಎಂ = 1.76 × ವ್ಯಾಟ್ ÷ ಡಿಗ್ರಿ. ವ್ಯಾಟ್ ಅಂದರೆ ಕ್ಯಾಬಿನೆಟ್ ಒಳಗೆ ಹುಟ್ಟುವ ಒಟ್ಟು ಶಾಖ. ಡಿಗ್ರಿ ಅಂದರೆ ಒಳಬರುವ ಗಾಳಿಗಿಂತ ಹೊರಹೋಗುವ ಗಾಳಿ ಎಷ್ಟು ಬಿಸಿ ಇರಬಹುದು ಅನ್ನುವುದು.

1.76 ಸಮುದ್ರ ಮಟ್ಟದ, 20 ಡಿಗ್ರಿಯ ಗಾಳಿಗೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಜೊತೆಗೆ ನಮ್ಮ ಕೋಣೆ 20 ಡಿಗ್ರಿಯಲ್ಲಿ ಎಲ್ಲಿರುತ್ತದೆ? 28 ಡಿಗ್ರಿ ಹಿಡಿದು ಲೆಕ್ಕ ಹಾಕಿದರೆ 2ರ ಹತ್ತಿರ ಬರುತ್ತದೆ. ಕಲಬುರಗಿ ಅಷ್ಟು ಎತ್ತರದಲ್ಲಿಲ್ಲ, ಆದರೆ ಅಲ್ಲಿ ಬೇಸಿಗೆಯ 42 ಡಿಗ್ರಿಗೆ ಗಾಳಿ ಹಿಗ್ಗಿ ಮತ್ತೆ 2ಕ್ಕೇ ಬಂದು ನಿಲ್ಲುತ್ತದೆ. ಮಂಗಳೂರಿನಲ್ಲಿ 1.8. ಸುಮ್ಮನೆ 2 ಅಂತ ನೆನಪಿಟ್ಟುಕೊಳ್ಳಿ: ವ್ಯಾಟನ್ನು ಡಿಗ್ರಿಯಿಂದ ಭಾಗಿಸಿ, ಎರಡರಿಂದ ಗುಣಿಸಿ.

ಗೇಮ್ ಆಡುವಾಗ 300 ವ್ಯಾಟ್, 10 ಡಿಗ್ರಿ ಏರಿಕೆ ಪರವಾಗಿಲ್ಲ ಅಂದರೆ 60 ಸಿಎಫ್‌ಎಂ. ಮೇಲಿನ ‘ಆ’ ಥರದ ಮೂರು ಫ್ಯಾನ್ ಮುಂದೆ ಹಾಕಿದರೆ ತಲಾ 20, ಅಂದರೆ ಪೂರ್ತಿ ವೇಗದ ಶೇಕಡಾ 56ರಲ್ಲಿ ಕೆಲಸ ಮುಗಿಯಿತು. ಟೈಪಿಂಗು, ಬ್ರೌಸಿಂಗ್‌ಗೆ 80 ವ್ಯಾಟ್ ಇದ್ದರೆ 16 ಸಿಎಫ್‌ಎಂ ಸಾಕು, ಆಗ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ಕಲಬುರಗಿಯವರಿಗೆ ಹೊರಗೇ 42 ಇರುವುದರಿಂದ 10 ಡಿಗ್ರಿ ಬಿಟ್ಟುಕೊಡುವುದು ದುಬಾರಿ. 7 ಹಿಡಿದರೆ ಅದೇ 300 ವ್ಯಾಟಿಗೆ 86 ಸಿಎಫ್‌ಎಂ ಬೇಕು. ಇಂಥ ಊರಿಗೆ ಒಂದು ಫ್ಯಾನ್ ಹೆಚ್ಚಿಗೆ ಹಾಕುವುದು ಶೋಕಿಯಲ್ಲ.

ಮೂರು ಪಿನ್, ನಾಲ್ಕು ಪಿನ್

ಫ್ಯಾನಿನ ಪ್ಲಗ್‌ನಲ್ಲಿ ಮೂರು ಇಲ್ಲವೇ ನಾಲ್ಕು ಪಿನ್ ಇರುತ್ತವೆ. ನಾಲ್ಕು ಪಿನ್‌ನದಕ್ಕೆ ಸದಾ 12 ವೋಲ್ಟ್, ವೇಗದ ಆಜ್ಞೆ ನಾಲ್ಕನೇ ತಂತಿಯಲ್ಲಿ, ಇದಕ್ಕೇ ಪಿಡಬ್ಲ್ಯುಎಂ ಅನ್ನುವುದು. ಆ ಸಂಕೇತ 25 ಕಿಲೋಹರ್ಟ್ಸ್‌ನದು, ಮನುಷ್ಯರ ಕಿವಿಗೆ ಕೇಳದಷ್ಟು ಮೇಲೆ ಇರಲಿ ಅಂತ. ಮೂರು ಪಿನ್‌ನದರ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. ಮೂರು ಪಿನ್ ಫ್ಯಾನನ್ನು ಪಿಡಬ್ಲ್ಯುಎಂ ಎಂದು ಸೆಟ್ ಆಗಿರುವ ಹೆಡರ್‌ಗೆ (ಮದರ್‌ಬೋರ್ಡ್‌ನಲ್ಲಿ ಫ್ಯಾನ್ ಪ್ಲಗ್ ಕೂರುವ ಜಾಗ) ಹಾಕಿದರೆ ಪೂರ್ತಿ ವೇಗದಲ್ಲಿ ಬೊಬ್ಬೆ ಹೊಡೆಯುತ್ತದೆ. ಫ್ಯಾನ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮುಂಚೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹೋಗಿ ಆ ಹೆಡರನ್ನು ಡಿಸಿ, ಅಂದರೆ ವೋಲ್ಟೇಜ್ ಇಳಿಸುವ ವಿಧಾನಕ್ಕೆ ಬದಲಿಸಿ ನೋಡಿ. ಹೊಸದು ಕೊಳ್ಳುವುದಾದರೆ ನಾಲ್ಕು ಪಿನ್‌ನದೇ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರೋಡ್ ಕಂಪ್ಯೂಟರ್ ಅಂಗಡಿಯವರು ‘ಎರಡೂ ಒಂದೇ ಸಾರ್’ ಅಂದರೂ ಸರಿಯೇ.

ಬಯೋಸ್‌ನಲ್ಲೇ ಇದ್ದಾಗ ಇನ್ನೊಂದು ಕೆಲಸ. ಪ್ರೊಸೆಸರ್‌ನ ಬಿಸಿ ಕ್ಷಣಕ್ಕೊಮ್ಮೆ ಏರಿ ಇಳಿಯುತ್ತದೆ, ಫ್ಯಾನ್ ಅದರ ಹಿಂದೆಯೇ ಓಡಿದರೆ ಸದ್ದು ಏರುಪೇರಾಗುತ್ತದೆ. ಒಂದೇ ಮಟ್ಟದ ಸದ್ದನ್ನು ಕಿವಿ ಮರೆತುಬಿಡುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ವೇಗ ಏರುವ ಮುಂಚೆ ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಹಾಕಿ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್ ಬದಲು ಮದರ್‌ಬೋರ್ಡ್‌ನ ತಾಪಮಾನಕ್ಕೆ ಕಟ್ಟಿದರೆ ಇನ್ನೂ ನೆಮ್ಮದಿ.

ಎಷ್ಟು ಜೋರು ಅಲ್ಲ, ಎಂಥ ಸದ್ದು

ವೇಗ ಇಳಿಸುತ್ತಾ ಹೋದರೆ ಗಾಳಿಯ ಸದ್ದು ಅಡಗಿ, ಅದರ ಅಡಿಯಲ್ಲಿದ್ದ ಮೋಟಾರ್‌ನ ಟಿಕ್‌ಟಿಕ್, ಬೇರಿಂಗ್‌ನ ಕೊರೆತ ಮೇಲೆ ಬರುತ್ತವೆ. ದುಬಾರಿ ಫ್ಯಾನ್‌ಗೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕವಾಗುವುದು ಇಲ್ಲೇ, 2000 ಆರ್‌ಪಿಎಂನಲ್ಲಿ ಅಲ್ಲ. ಬೇರಿಂಗ್ ವಿಷಯ ಚಿಕ್ಕದಾಗಿ: ಎಣ್ಣೆಯ ಪದರದ ಮೇಲೆ ತಿರುಗುವ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಒಳ್ಳೆಯದು, ಬಾಲ್ ಬೇರಿಂಗ್ ಗಟ್ಟಿ, ಆದರೆ ಮೆತ್ತಗಿರುವುದಿಲ್ಲ, ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನನ್ನು ಕ್ಯಾಬಿನೆಟ್‌ನ ಮೇಲ್ಛಾವಣಿಗೆ ಮಲಗಿಸಿ ಹಾಕಿದರೆ ಬೇಗ ಸವೆಯುತ್ತದೆ.

ಪರೀಕ್ಷೆ ಮಾಡುವಾಗ ತಲೆ ಮೇಲಿನ ಸೀಲಿಂಗ್ ಫ್ಯಾನ್ ಆಫ್ ಮಾಡಿ. ಕೋಣೆಯಲ್ಲಿ ಆಗಲೇ 40 ಡೆಸಿಬೆಲ್ ಇದ್ದರೆ, 25 ಡೆಸಿಬೆಲ್‌ನ ಕಂಪ್ಯೂಟರ್ ಅದಕ್ಕೆ ಸೇರಿಸುವುದು 0.1ರಷ್ಟು. ಏನೂ ಕೇಳಿಸದು. ವರ್ಷದ ಎಂಟು ತಿಂಗಳು ಸೀಲಿಂಗ್ ಫ್ಯಾನ್ ಅಡಿಯಲ್ಲೇ ಕೆಲಸ ಮಾಡುವವರು ಅತಿ ದುಬಾರಿ ಫ್ಯಾನ್‌ಗೆ ಕೈ ಹಾಕುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾತ್ರಿ ಹಾಡು ರೆಕಾರ್ಡ್ ಮಾಡುವವರದು ಬೇರೆ ಮಾತು.

ಕೊನೆಗೆ ಆ ‘ವಂಯ್… ವಂಯ್…’ ಅಂತ ಉಬ್ಬಿ ತಗ್ಗುವ ಸದ್ದು. ಒಂದೊಂದೇ ಫ್ಯಾನ್ ಓಡಿಸಿದರೆ ಇರುವುದಿಲ್ಲ, ಎರಡೂ ಓಡಿದಾಗ ಬರುತ್ತದೆ. ರೆಕ್ಕೆಗಳ ಸಂಖ್ಯೆಯನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿದರೆ ಫ್ಯಾನಿನ ಸ್ವರ ಸಿಗುತ್ತದೆ. ಒಂಬತ್ತು ರೆಕ್ಕೆ, 1200 ಆರ್‌ಪಿಎಂ: 180 ಹರ್ಟ್ಸ್. ಪಕ್ಕದ್ದು 1230ರಲ್ಲಿದ್ದರೆ 184.5. ವ್ಯತ್ಯಾಸ 4.5, ಅಂದರೆ ಸೆಕೆಂಡಿಗೆ ನಾಲ್ಕೈದು ಸಲ ಸದ್ದು ತೂಗುತ್ತದೆ. ತಂಬೂರಿಯ ಎರಡು ತಂತಿ ಇನ್ನೂ ಶ್ರುತಿ ಸೇರದಿದ್ದಾಗ ಕೇಳುವ ಅಲೆ ಇದೇ. ಎರಡಕ್ಕೂ ಒಂದೇ ಆಜ್ಞೆ ಕೊಟ್ಟರೆ ಹೋಗುವುದಿಲ್ಲ, ಒಂದೇ ಮಾದರಿಯ ಎರಡು ಫ್ಯಾನ್ ಕೂಡ ಒಂದೇ ಆಜ್ಞೆಗೆ ಸ್ವಲ್ಪ ಹೆಚ್ಚುಕಡಿಮೆ ತಿರುಗುತ್ತವೆ. ಬೇಕಂತಲೇ ದೂರ ಇಡಿ: ಮುಂದಿನವು 700, ಹಿಂದಿನದು 800. ಆಗ 105 ಮತ್ತು 120 ಹರ್ಟ್ಸ್, ಆ ಉಯ್ಯಾಲೆ ಕೇಳುವುದಿಲ್ಲ. ಮುಂದಿನ ಎರಡರ ನಡುವೆಯೇ ತೂಗುತ್ತಿದ್ದರೆ ಸ್ಪ್ಲಿಟರ್ (ಒಂದೇ ಹೆಡರ್‌ಗೆ ಎರಡು ಫ್ಯಾನ್ ಸೇರಿಸುವ ತಂತಿ) ತೆಗೆದು ಬೇರೆ ಬೇರೆ ಹೆಡರ್‌ಗೆ ಹಾಕಬೇಕು; ಹೇಗೂ ಸ್ಪ್ಲಿಟರ್‌ನಲ್ಲಿ ಮದರ್‌ಬೋರ್ಡಿಗೆ ಒಂದೇ ಫ್ಯಾನಿನ ಆರ್‌ಪಿಎಂ ಕಾಣುತ್ತದೆ, ಇನ್ನೊಂದು ನಿಂತುಹೋದರೂ ಗೊತ್ತಾಗುವುದಿಲ್ಲ.