ರಾಯಲ್ಟಿ ಲಾಭದ ಮೇಲಲ್ಲ, ಮಾರಾಟದ ಮೇಲೆ

ನಿವೃತ್ತಿಯ ಇಡಿಗಂಟು ಕೈಸೇರಿದ ಎರಡು ಮೂರು ತಿಂಗಳಲ್ಲೇ ಯಾವುದಾದರೊಂದು ಚಹಾ ಅಥವಾ ತಿಂಡಿ ಕಂಪನಿಯ ಬಣ್ಣದ ಕರಪತ್ರ ಹಿಡಿದು ದಾವಣಗೆರೆಯ ನನ್ನ ಆಡಿಟ್ ಕಚೇರಿಗೆ ಬರುವವರಿದ್ದಾರೆ. ಯಾವ ಕಂಪನಿಯ ಫ್ರಾಂಚೈಸಿ, ಅಂದರೆ ಅದರ ಹೆಸರಿನಲ್ಲಿ ಅಂಗಡಿ ನಡೆಸುವ ಹಕ್ಕು, ತೆಗೆದುಕೊಳ್ಳಲಿ ಎಂದು ಅವರು ಕೇಳುತ್ತಾರೆ. ಆ ಹಕ್ಕಿಗಾಗಿ ಕಂಪನಿಗೆ ತಿಂಗಳು ತಿಂಗಳು ಕೊಡಬೇಕಾದ ಪಾಲನ್ನು, ಅಂದರೆ ರಾಯಲ್ಟಿಯನ್ನು, ಯಾವುದರ ಮೇಲೆ ಲೆಕ್ಕ ಹಾಕುತ್ತಾರೆ ಎಂದು ನಾನು ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಒಂದೇ: ‘ಬಂದ ಲಾಭದಲ್ಲಿ ಶೇ. 6 ಅವರಿಗೆ, ಉಳಿದದ್ದು ನಮಗೆ, ಅಲ್ಲವೇ ಸರ್?’

ಅಲ್ಲ. ಇಂಥ ಕರಾರುಗಳಲ್ಲಿ ರಾಯಲ್ಟಿ ಸಾಮಾನ್ಯವಾಗಿ ಒಟ್ಟು ಮಾರಾಟದ ಮೇಲಿರುತ್ತದೆ. ತಿಂಗಳಿಗೆ 6 ಲಕ್ಷ ರೂಪಾಯಿ ವ್ಯಾಪಾರವಾಗುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಸಾಮಗ್ರಿಗೆ ಶೇ. 40, ಅಂದರೆ 2,40,000 ರೂಪಾಯಿ. ಬಾಡಿಗೆ 80,000, ಸಂಬಳ 1,40,000, ಕರೆಂಟು ಮತ್ತು ಗ್ಯಾಸು 40,000, ಚಿಲ್ಲರೆ ಖರ್ಚು 45,000. ಉಳಿಯುವುದು 55,000. ಅದರ ಶೇ. 6 ಎಂದರೆ 3,300 ಎಂದು ನಮ್ಮವರು ಎಣಿಸುತ್ತಾರೆ. ಕಂಪನಿ ಕಳಿಸುವ ಬಿಲ್ಲಿನಲ್ಲಿರುವುದು 36,000. ಅದಕ್ಕೆ ಶೇ. 18ರ ಜಿಎಸ್‌ಟಿ ಸೇರಿದರೆ 42,480. ಗಿರಾಕಿಯಿಂದ ಶೇ. 5 ತೆರಿಗೆ ವಸೂಲು ಮಾಡುವ ಹೋಟೆಲು ವ್ಯವಹಾರಕ್ಕೆ ಇನ್‌ಪುಟ್ ಕ್ರೆಡಿಟ್ (ತಾನು ಕಟ್ಟಿದ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕೊಡಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲದಿರುವುದರಿಂದ ಆ 6,480 ರೂಪಾಯಿಯೂ ಕೈಬಿಟ್ಟ ಹಣವೇ. ಮಾಲೀಕನಿಗೆ ದಕ್ಕುವುದು 12,520.

ಮಳೆಗಾಲದಲ್ಲಿ ವ್ಯಾಪಾರ 5 ಲಕ್ಷಕ್ಕೆ ಇಳಿಯಿತೆನ್ನಿ. ಸಾಮಗ್ರಿಯ ಖರ್ಚು 2 ಲಕ್ಷಕ್ಕೆ ಇಳಿದರೂ ಬಾಡಿಗೆ, ಸಂಬಳ ಇಳಿಯುವುದಿಲ್ಲವಾದ್ದರಿಂದ ರಾಯಲ್ಟಿಗೂ ಮೊದಲೇ 5,000 ನಷ್ಟ. ಆದರೂ ಕಂಪನಿಗೆ ತೆರಿಗೆ ಸಮೇತ 35,400 ಕಟ್ಟಲೇಬೇಕು. ನಷ್ಟದ ತಿಂಗಳಲ್ಲೂ ಕೊಡಬೇಕೇ ಎಂದು ಕೇಳಿದವರಿಗೆ ಹೌದು ಎಂದು ಮೂರು ಬಾರಿ ಹೇಳಿದ್ದೇನೆ. ನಾಲ್ಕನೆಯ ಬಾರಿ ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ. ರಾಯಲ್ಟಿಯೇ ಇಲ್ಲವೆನ್ನುವ ಕಂಪನಿಗಳೂ ಇವೆ. ಚಹಾಪುಡಿ, ಕಪ್ಪುಗಳನ್ನು ತಮ್ಮಿಂದಲೇ ಕೊಳ್ಳಬೇಕೆಂದು ಅವು ಷರತ್ತು ಹಾಕಿದ್ದರೆ, ಆ ದರಕ್ಕೂ ಪೇಟೆಯ ದರಕ್ಕೂ ಇರುವ ಅಂತರವನ್ನು ರಾಯಲ್ಟಿಯೆಂದೇ ಬರೆದುಕೊಳ್ಳಬೇಕು.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು, ಹೊರಬಿದ್ದ ಫ್ರಾಂಚೈಸಿದಾರರ ವಿವರವೂ ಸೇರಿದಂತೆ, ನಿಗದಿತ ಮಾಹಿತಿಯನ್ನೆಲ್ಲ ಕಂಪನಿ ಬರಹದಲ್ಲಿ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯವಾಗಿ ನೆಚ್ಚಬೇಕಾದದ್ದು 1872ರ ಕರಾರು ಕಾಯ್ದೆಯನ್ನು. ಆದ್ದರಿಂದ ವಿಚಾರಣೆ ನಾವೇ ಮಾಡಿಕೊಳ್ಳಬೇಕು. ಅದೇ ಕಂಪನಿಯ ಬೇರೆ ಊರಿನ ಅಂಗಡಿಯಲ್ಲಿ ಬಾಗಿಲು ತೆರೆದ ಕೂಡಲೇ ಒಂದು ಚಹಾ, ಮುಚ್ಚುವ ಹೊತ್ತಿಗೆ ಇನ್ನೊಂದು ಚಹಾ ಕುಡಿದು ಎರಡೂ ಬಿಲ್ಲುಗಳನ್ನು ಜೋಪಾನ ಮಾಡಿ. ಬಿಲ್ ಸಂಖ್ಯೆ ಕ್ರಮವಾಗಿ ಏರುವುದರಿಂದ ದಿನದ ವ್ಯಾಪಾರ ಅಂದಾಜಿಗೆ ಸಿಗುತ್ತದೆ. ಆನ್‌ಲೈನ್ ಆರ್ಡರಿಗೆ ಬೇರೆ ಸರಣಿ ಇರಬಹುದು. ಒಂದೇ ದಿನ ನೋಡಿ ತೀರ್ಮಾನಿಸುವುದೂ ತಪ್ಪು.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ಮಾತು ಕೇಳಿ ಹುಬ್ಬಳ್ಳಿಗೆ ಹೋಗಿ ಮೂರು ದಿನ ಚಹಾ ಕುಡಿದು ಬಂದರು. ಬಿಲ್ಲುಗಳನ್ನು ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿದ್ದರು. ಸರಾಸರಿ ದಿನಕ್ಕೆ 143 ಬಿಲ್ಲು. ಒಂದಕ್ಕೆ 90 ರೂಪಾಯಿ ಹಿಡಿದರೂ ತಿಂಗಳಿಗೆ 3,86,100. ಕರಪತ್ರದಲ್ಲಿದ್ದದ್ದು 6 ಲಕ್ಷ. ಲೆಕ್ಕ ಅವರೇ ಮಾಡಿದರು, ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಚೀಲದಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು: ಹಿಂದಿನ ತಿಂಗಳೇ ಕಟ್ಟಿದ್ದ 2 ಲಕ್ಷ ರೂಪಾಯಿ ಮುಂಗಡದ ರಸೀದಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ’.